ಎಂಜಿನ್ ಬದಲಾಯಿತು, ಕ್ಲಚ್ ಯಾಕೆ ಮಾತು ಕೇಳುತ್ತಿಲ್ಲ?

ಹಳೆಯ ಅಂಬಾಸಿಡರ್‌ಗೆ ಬೇರೆ ಎಂಜಿನ್ ಕೂರಿಸಿ ಆಯಿತು. ಸ್ಟಾರ್ಟ್ ಮಾಡಿದರೆ ಸದ್ದು ಚೆನ್ನಾಗಿಯೇ ಇದೆ. ಆದರೆ ಕ್ಲಚ್ ಪೂರ್ತಿ ಒತ್ತಿದರೂ ರಿವರ್ಸ್ ಗೇರ್ ಕಿರ್ರ್ ಅನ್ನುತ್ತದೆ. ಇಲ್ಲವೇ ಗೇರ್ ಸಲೀಸಾಗಿ ಬೀಳುತ್ತದೆ, ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಹುಬ್ಬಳ್ಳಿಗೆ ಫೋನ್ ಮಾಡಿ ಹೊಸ ಕ್ಲಚ್ ಸೆಟ್ ತರಿಸುವುದು. ದಯವಿಟ್ಟು ಸ್ವಲ್ಪ ತಡೆಯಿರಿ. ಎಂಜಿನ್ ಬದಲಿಸಿದ ಗಾಡಿಯಲ್ಲಿ ಕ್ಲಚ್ ಕೈಕೊಟ್ಟರೆ, ಪಾರ್ಟ್ ಕೆಟ್ಟಿರುವುದಕ್ಕಿಂತ ಅಳತೆ ತಪ್ಪಿರುವುದೇ ಜಾಸ್ತಿ. ಅಳತೆ ಸರಿಮಾಡದೆ ಹೊಸ ಪ್ಲೇಟ್ ಹಾಕಿದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಯಾವ ಪಾರ್ಟ್ ಯಾರಿಗೆ ಸೇರಿದ್ದು?

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಮೂಲದ 1489 ಸಿಸಿ ಪೆಟ್ರೋಲ್ ಎಂಜಿನ್ ಸೋತಾಗ, ಮುಂದೆ ಅದೇ ಕಾರಿಗೆ ಬಂದ 1817 ಸಿಸಿ ಇಸುಜು ಎಂಜಿನ್ ಹಾಕುವವರಿದ್ದಾರೆ, ಡೀಸೆಲ್ ಹಾಕುವವರೂ ಇದ್ದಾರೆ. ಶಿರಸಿ, ಯಲ್ಲಾಪುರದ ಕಡೆ ತೋಟಕ್ಕೆ ಹೋಗಿಬರುವ ಹಳೇ ಜೀಪುಗಳದ್ದೂ ಇದೇ ಕಥೆ. ಗುಜರಿಯಲ್ಲಿ ಎಂಜಿನ್ ಜೊತೆಗೆ ಅದರದ್ದೇ ಗೇರ್‌ಬಾಕ್ಸ್ ಸಿಕ್ಕರೆ ಬಿಡಬೇಡಿ. ಜೋಡಿಯಾಗಿ ಬಂದರೆ ಒಳಗಿನ ಅಳತೆಯೆಲ್ಲ ಕಂಪನಿಯಲ್ಲೇ ಕೂಡಿಬಂದಿರುತ್ತದೆ. ಪೆಡಲಿನಿಂದ ಫೋರ್ಕ್ (ಕ್ಲಚ್ ಬಿಡಿಸುವ ಬೇರಿಂಗನ್ನು ತಳ್ಳುವ ಕವೆಗೋಲು) ವರೆಗಿನ ಭಾಗವನ್ನು ನೋಡಿಕೊಂಡರೆ ಕ್ಲಚ್ ಮಟ್ಟಿಗೆ ಸಾಕು. ಎಂಜಿನ್ ಒಂದು ಗಾಡಿಯದು, ಗೇರ್‌ಬಾಕ್ಸ್ ಇನ್ನೊಂದರದು, ನಡುವೆ ಎರಡನ್ನೂ ಕೂಡಿಸುವ ಅಡಾಪ್ಟರ್ ಪ್ಲೇಟ್ ಅಂತಾದರೆ ತಲೆನೋವು ಶುರು.

ಆಗ ಈ ಲೆಕ್ಕ ನೆನಪಿರಲಿ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಎಂಜಿನ್ ಹಿಂದೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ ಸೇರಿದ್ದು, ಬೋಲ್ಟಿನ ತೂತು ಅಲ್ಲಿಗೇ ಕೂಡಬೇಕು. ಕ್ಲಚ್ ಪ್ಲೇಟಿನ ಸುತ್ತಳತೆ ಪ್ರೆಶರ್ ಪ್ಲೇಟಿನದು, ಆದರೆ ನಡುವಿನ ಹಲ್ಲು ಗೇರ್‌ಬಾಕ್ಸ್ ಶಾಫ್ಟಿನದು. ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟನ್ನು ಬಿಡಿಸುವ ರಿಲೀಸ್ ಬೇರಿಂಗಿನ ಒಳಗಿನ ತೂತು ಗೇರ್‌ಬಾಕ್ಸಿಗೆ ಕೂಡಬೇಕು, ಮುಖ ಮತ್ತು ಉದ್ದ ಪ್ರೆಶರ್ ಪ್ಲೇಟಿನ ಬೆರಳುಗಳಿಗೆ ಕೂಡಬೇಕು. ಶಾಫ್ಟಿನ ತುದಿಗೆ ಆಸರೆಯಾಗುವ ಪೈಲಟ್ ಬೇರಿಂಗಿನ ಹೊರಸುತ್ತು ಕ್ರ್ಯಾಂಕಿನದು (ಎಂಜಿನ್ನಿನ ತಿರುಗುವ ಮುಖ್ಯ ದಂಡ), ಒಳಸುತ್ತು ಶಾಫ್ಟಿನದು. ಒಂದು ಕಾಗದದ ಮೇಲೆ ಇಷ್ಟನ್ನೂ ಬರೆದು, ನಿಮ್ಮ ಗಾಡಿಯಲ್ಲಿ ಯಾವುದು ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ತುಂಬಿಸಿ. ಎಂಜಿನ್ ಕೂರಿಸಿದ ಮೆಕ್ಯಾನಿಕ್ಕನ್ನೇ ಕೇಳಿ. ಯಾವ ಪಾರ್ಟಿಗೆ ಉತ್ತರ ಸಿಗುವುದಿಲ್ಲವೋ ಅಲ್ಲೇ ಹುಡುಕಾಟ ಶುರು ಮಾಡಬಹುದು.

ಎಂಜಿನ್ ಬದಲಿಸುವುದಕ್ಕೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲೂ ಹೊಸ ಎಂಜಿನ್ ನಂಬರ್ ಬರಬೇಕು. ಕಾರವಾರ, ಶಿರಸಿ, ಹೊನ್ನಾವರ, ನಿಮ್ಮ ಗಾಡಿ ಯಾವ ಕಚೇರಿಯದೋ ಅಲ್ಲಿ ಆ ಕೆಲಸ ಮುಗಿಸಿರಿ.

ಗೇರ್‌ಬಾಕ್ಸ್ ಇಳಿಸುವ ಮುನ್ನ

ಗೇರ್‌ಬಾಕ್ಸ್ ಇಳಿಸುವುದು ಇಡೀ ದಿನದ ಕೆಲಸ. ಅದಕ್ಕೂ ಮುನ್ನ ಹೊರಗಿನಿಂದಲೇ ಬಹಳಷ್ಟು ತಿಳಿಯುತ್ತದೆ.

ಗೇರ್ ಕಿರ್ರ್ ಅನ್ನುವ ಗಾಡಿಯಾದರೆ ಮೊದಲು ಪೆಡಲನ್ನು ಬೇಗಬೇಗ ನಾಲ್ಕೈದು ಸಲ ತುಳಿದು ನೋಡಿ. ಆಮೇಲೆ ಗೇರ್ ಸಲೀಸಾಗಿ ಬಿದ್ದರೆ ಕ್ಲಚ್ ಫ್ಲೂಯಿಡ್ ಪೈಪಿನಲ್ಲಿ ಏರ್ ಇದೆ, ಅಥವಾ ಸಿಲಿಂಡರಿನ ರಬ್ಬರ್ ಸವೆದಿದೆ. ಎಂಜಿನ್ ಬದಲಿಸಿದಾಗ, ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರನ್ನು ಜಾಗ ಸಿಕ್ಕಲ್ಲಿ ಓರೆಯಾಗಿ ಕೂರಿಸಿರುತ್ತಾರೆ. ಏರ್ ಬಿಡುವ ನಿಪ್ಪಲ್ ಅದರ ಎತ್ತರದ ತುದಿಯಲ್ಲಿ ಇಲ್ಲದಿದ್ದರೆ ಎಷ್ಟು ಸಲ ಏರ್ ತೆಗೆದರೂ ಒಂದು ಗುಳ್ಳೆ ಒಳಗೇ ಉಳಿಯುತ್ತದೆ. ಸಿಲಿಂಡರನ್ನು ಬಿಚ್ಚಿ, ರಾಡ್ ಹೊರಗೆ ಬರದಂತೆ ಹಿಡಿದು, ನಿಪ್ಪಲ್ ಮೇಲಕ್ಕೆ ಮಾಡಿ ಏರ್ ತೆಗೆಯಿರಿ. ಹಳೇ ಫ್ಲೂಯಿಡ್ ಕಪ್ಪಾಗಿದ್ದರೆ ಪೂರ್ತಿ ಬದಲಿಸಿ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದರೆ ಕೇಳುವುದೇ ಬೇಡ, ಸಿಲಿಂಡರಿನ ಒಳಗೋಡೆಗೇ ತುಕ್ಕು ಹಿಡಿಯುತ್ತದೆ.

ಇನ್ನು ಚಕ್ರದ ಪರೀಕ್ಷೆ. ಎಂಜಿನ್ ಆಫ್ ಇರಲಿ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ನಮ್ಮಲ್ಲಿ ಚಿರೇಕಲ್ಲು ಇಟ್ಟು ಕೆಲಸ ಮಾಡುವವರಿದ್ದಾರೆ. ಅದು ಯಾವ ಕ್ಷಣದಲ್ಲಾದರೂ ಒಡೆಯುತ್ತದೆ, ಗಾಡಿ ಕೆಳಗೆ ನಿಮ್ಮ ಜೀವ ಇರುತ್ತದೆ. ಹ್ಯಾಂಡ್‌ಬ್ರೇಕ್ ಬಿಟ್ಟು, ಟಾಪ್ ಗೇರ್ ಹಾಕಿ. ಈಗ ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿದರೆ ತಿರುಗಬಾರದು. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತುತ್ತಾ ಹೋಗಲಿ. ಚಕ್ರ ಎಲ್ಲಿ ಸಡಿಲವಾಯಿತು ಅಂತ ಗಮನಿಸಿ. ಪೆಡಲ್ ನೆಲಕ್ಕೆ ತಾಗುವ ಹೊತ್ತಿಗಷ್ಟೇ ಸಡಿಲವಾದರೆ ಕ್ಲಚ್‌ಗೆ ಓಟ (ಒತ್ತಿದಾಗ ಸರಿಯುವ ದೂರ) ಸಾಲುತ್ತಿಲ್ಲ. ಪೂರ್ತಿ ಒತ್ತಿದರೂ ಬಿಡದಿದ್ದರೆ ಮುಂದಿನ ಅಳತೆಗೆ ಹೋಗಬೇಕು.

ಕೆಳಗೆ ಸ್ಕೇಲ್ ಹಿಡಿದು, ಪೆಡಲ್ ಒತ್ತಿದಾಗ ಸ್ಲೇವ್ ಸಿಲಿಂಡರಿನ ರಾಡ್ ಎಷ್ಟು ಮಿಲಿಮೀಟರ್ ಓಡುತ್ತದೆ ನೋಡಿ. ಎಷ್ಟು ಓಡಬೇಕು ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಪೆಡಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ವ್ಯಾಸವನ್ನು ಸ್ಲೇವಿನ ವ್ಯಾಸದಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಅದನ್ನು ಮಾಸ್ಟರಿನ ಓಟಕ್ಕೆ ಗುಣಿಸಿದರೆ ಸ್ಲೇವಿನ ಓಟ ಸಿಗುತ್ತದೆ. ಉದಾಹರಣೆಗೆ ಮಾಸ್ಟರ್ 19.05 ಮಿ.ಮೀ., ಸ್ಲೇವ್ 22.2 ಮಿ.ಮೀ. ಇದ್ದು ಮಾಸ್ಟರ್ 25 ಮಿ.ಮೀ. ಓಡಿದರೆ, ಸ್ಲೇವ್ ಸುಮಾರು 18 ಮಿ.ಮೀ. ಓಡುತ್ತದೆ. ಅದೇ ಜಾಗದಲ್ಲಿ 15.87 ಮಿ.ಮೀ.ನ ಮಾಸ್ಟರ್ ಇದ್ದರೆ ಓಟ 13 ಮಿ.ಮೀ.ಗೂ ಕಡಿಮೆ. ಕಣ್ಣಿಗೆ ಎರಡು ಮಾಸ್ಟರೂ ಒಂದೇ ಥರ ಕಾಣುತ್ತವೆ, ಆದರೆ ಒಂದು ಹಾಕಿದರೆ ಗೇರ್ ಬೀಳುತ್ತದೆ, ಇನ್ನೊಂದು ಹಾಕಿದರೆ ಬೀಳುವುದಿಲ್ಲ. ವ್ಯಾಸವನ್ನು ಸಾಮಾನ್ಯವಾಗಿ ಸಿಲಿಂಡರಿನ ಮೈಮೇಲೇ ಎರಕದಲ್ಲಿ ಬರೆದಿರುತ್ತಾರೆ. ವೈರ್ ಬ್ರಶ್‌ನಿಂದ ತಿಕ್ಕಿ ನೋಡಿ.

ಲೆಕ್ಕದಷ್ಟು ರಾಡ್ ಓಡುತ್ತಿಲ್ಲ ಅಂದರೆ ಏರ್, ಲೀಕ್, ಅಥವಾ ಎಲ್ಲೋ ತಗಡು ಬಾಗುತ್ತಿದೆ. ಕಾರವಾರದ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರುಗಳಲ್ಲಿ ಮಾಸ್ಟರ್ ಸಿಲಿಂಡರ್ ಕೂತ ತಗಡೇ ತುಕ್ಕು ತಿಂದಿರುತ್ತದೆ. ಪೆಡಲ್ ಒತ್ತಿದಾಗ ಸಿಲಿಂಡರ್ ಮುಂದಕ್ಕೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಸ್ಲೇವ್‌ಗೆ ಹೊಸದಾಗಿ ಮಾಡಿಸಿದ ಬ್ರಾಕೆಟ್ ತೆಳುವಾಗಿದ್ದರೂ ಇದೇ ತೊಂದರೆ. ಲೆಕ್ಕದಷ್ಟು ಓಡಿಯೂ, ಆ ಕ್ಲಚ್‌ಗೆ ಬೇಕಾದಷ್ಟು ಓಟ ಇದ್ದೂ ಚಕ್ರ ಬಿಡುತ್ತಿಲ್ಲವೇ? ಆಗ ದೋಷ ಒಳಗಿದೆ. ಆಗ ಮಾತ್ರ ಗೇರ್‌ಬಾಕ್ಸ್ ಇಳಿಸಿ.

ಕೇಬಲ್ ಅಥವಾ ರಾಡ್ ಇರುವ ಗಾಡಿಯಲ್ಲಿ ಒಂದು ಮಾತು. ಎಂಜಿನ್ ಬದಲಿಸುವಾಗ ಎಂಜಿನ್‌ನಿಂದ ಚಾಸಿಗೆ ಬರುವ ದಪ್ಪ ಅರ್ತ್ ವೈರ್ ಹಾಕಲು ಮರೆತುಬಿಡುತ್ತಾರೆ. ಆಗ ಸ್ಟಾರ್ಟರ್‌ನ ಕರೆಂಟ್ ಕ್ಲಚ್ ಕೇಬಲ್ ಮೂಲಕ ದಾರಿ ಹುಡುಕಿಕೊಳ್ಳುತ್ತದೆ, ಕೇಬಲ್ ಕಾದು ಬಿಗಿಯಾಗುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಕೇಬಲ್ ಮುಟ್ಟಿ ನೋಡಿ, ಬಿಸಿ ಇದ್ದರೆ ಮೊದಲು ಆ ವೈರ್ ಹಾಕಿ.

ಇಳಿಸಿದ ಮೇಲೆ ಏನು ನೋಡಬೇಕು?

ಹಳೇ ಪ್ಲೇಟಿನ ಪುಡಿಯನ್ನು ಏರ್ ಹೊಡೆದು ಹಾರಿಸಬೇಡಿ. ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಮೊದಲು ಗೇರ್‌ಬಾಕ್ಸ್ ಶಾಫ್ಟಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಜಾಗ ಇಲ್ಲ. ಪೈಲಟ್ ಬೇರಿಂಗ್ ಒಳಗೆ ಕೂತಿದ್ದ ಕಡೆ ಹೊಳೆಯುವ ಪಟ್ಟಿ ಇರುತ್ತದೆ. ಪಟ್ಟಿ ತುದಿಯಲ್ಲಿ ಎರಡು ಮೂರು ಮಿ.ಮೀ. ಅಗಲ ಮಾತ್ರ ಇದ್ದರೆ ಶಾಫ್ಟ್ ಸುಮ್ನೆ ಅಂಚಿಗೆ ತಾಗಿಕೊಂಡಿತ್ತು ಅಂತ ಅರ್ಥ. ಪಟ್ಟಿಯೇ ಇಲ್ಲದಿದ್ದರೆ ಬೇರಿಂಗಿಗೆ ತಲುಪಿಯೇ ಇಲ್ಲ, ಶಾಫ್ಟ್ ಗಾಳಿಯಲ್ಲಿ ಆಡುತ್ತಿತ್ತು. ತುದಿಯ ಚಪ್ಪಟೆ ಮುಖದಲ್ಲಿ ಗೀರು ಬಿದ್ದಿದ್ದರೆ ಅದು ಕ್ರ್ಯಾಂಕಿನ ತಳಕ್ಕೆ ಗುದ್ದುತ್ತಿತ್ತು. ಬಣ್ಣ ನೀಲಿ ತಿರುಗಿದ್ದರೆ ಪೈಲಟ್ ಬುಶ್ (ಬೇರಿಂಗಿನ ಬದಲು ಹಾಕುವ ಲೋಹದ ಕೊಳವೆ) ಬಿಗಿಯಾಗಿ ಶಾಫ್ಟನ್ನು ಹಿಡಿದುಕೊಂಡಿತ್ತು. ಆಗ ಪೆಡಲ್ ಒತ್ತಿದರೂ ಶಾಫ್ಟ್ ಎಂಜಿನ್ ಜೊತೆಗೇ ತಿರುಗುತ್ತದೆ, ಗೇರ್ ಕಿರ್ರ್ ಅನ್ನದೆ ಇನ್ನೇನು ಮಾಡೀತು, ಅಲ್ವಾ?

ಇದೆಲ್ಲದರ ಮೂಲ ಅಡಾಪ್ಟರ್ ಪ್ಲೇಟಿನ ದಪ್ಪ. 12 ಮಿ.ಮೀ. ಪ್ಲೇಟ್ ಹಾಕಿದರೆ ಗೇರ್‌ಬಾಕ್ಸ್ 12 ಮಿ.ಮೀ. ಹಿಂದೆ ಸರಿಯಿತು. ಶಾಫ್ಟ್ ಅಷ್ಟೇ ಹಿಂದೆ, ರಿಲೀಸ್ ಬೇರಿಂಗ್ ಕೂಡ ಅಷ್ಟೇ ಹಿಂದೆ. ವರ್ನಿಯರ್ ಹಿಡಿದು ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಮುಖದಿಂದ ಶಾಫ್ಟಿನ ತುದಿಯವರೆಗೆ ಅಳೆಯಿರಿ. ಅಡಾಪ್ಟರ್ ಮುಖದಿಂದ ಪೈಲಟ್ ಬೇರಿಂಗಿನವರೆಗೆ, ಮತ್ತೆ ತೂತಿನ ತಳದವರೆಗೆ ಅಳೆಯಿರಿ. ಶಾಫ್ಟಿನ ತುದಿಯ ನುಣುಪು ಭಾಗ ಬೇರಿಂಗಿನ ಪೂರ್ತಿ ಅಗಲದಲ್ಲಿ ಕೂರಬೇಕು, ತಳಕ್ಕೆ ತಾಗಬಾರದು. ಕಡಿಮೆ ಬಿದ್ದರೆ ಲೇತ್‌ನಲ್ಲಿ ಉದ್ದದ ಬುಶ್ ಮಾಡಿಸಬಹುದು. ಎಣ್ಣೆ ಹೀರುವ ಕಂಚಿನ ಬುಶ್ ಆದರೆ ರಾತ್ರಿಯಿಡೀ ಎಂಜಿನ್ ಆಯಿಲ್‌ನಲ್ಲಿ ನೆನೆಸಿ ಹಾಕಿ. ಗ್ರೀಸ್ ಬೇಡ, ಅದರ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ.

ರಿಲೀಸ್ ಬೇರಿಂಗಿನ ಅಂತರ ತಪ್ಪಿದ್ದರೆ ಫೋರ್ಕ್ ಹೇಳುತ್ತದೆ. ಅದು ಹೊರಬರುವ ಕಿಟಕಿಯ ಅಂಚಿನಲ್ಲಿ ಉಜ್ಜಿದ ಗುರುತು ಇದೆಯಾ ನೋಡಿ. ಇದ್ದರೆ ಫೋರ್ಕ್ ತನ್ನ ಓಟ ಮುಗಿಸುವ ಮೊದಲೇ ಗೋಡೆಗೆ ಒತ್ತಿಕೊಳ್ಳುತ್ತಿದೆ. ಫೋರ್ಕನ್ನು ಕಾಯಿಸಿ ಬಗ್ಗಿಸುವುದು ನನಗೆ ಒಪ್ಪಿಗೆಯಿಲ್ಲ, ಅದು ಘಟ್ಟದ ನಡುವೆ ಮುರಿಯುವ ಕೆಲಸ. ಫೋರ್ಕ್ ಕೂರುವ ಗುಂಡಿನ ಕೆಳಗೆ ಸರಿಯಾದ ದಪ್ಪದ ಸ್ಪೇಸರ್ ಕೊಡಿ, ಇಲ್ಲವೇ ಉದ್ದದ ಬೇರಿಂಗ್ ಹೋಲ್ಡರ್ ಹುಡುಕಿ.

ಕ್ಲಚ್ ಪ್ಲೇಟ್ ತಿರುಗುಮುರುಗು ಕೂತಿದೆಯಾ ಅಂತಲೂ ನೋಡಿ. ಸಾಮಾನ್ಯವಾಗಿ ಸ್ಪ್ರಿಂಗ್ ಉಬ್ಬಿದ ಬದಿ ಗೇರ್‌ಬಾಕ್ಸ್ ಕಡೆ ಬರುತ್ತದೆ, ಪ್ಲೇಟಿನ ಮೇಲೆ ಗುರುತೂ ಇರುತ್ತದೆ. ಉಲ್ಟಾ ಕೂತರೆ ನಡುಭಾಗ ಫ್ಲೈವೀಲಿನ ಬೋಲ್ಟುಗಳಿಗೆ ಉಜ್ಜುತ್ತದೆ.

ಕೊನೆಗೆ ಬೆಲ್ ಹೌಸಿಂಗಿನ ನಡು. ಅಡಾಪ್ಟರ್ ಪ್ಲೇಟನ್ನು ಬರೀ ಬೋಲ್ಟಿನ ಮೇಲೆ ಬಿಟ್ಟರೆ ಅದು ಕೂದಲೆಳೆಯಷ್ಟು ಸರಿಯುತ್ತದೆ, ಹಾಗಾಗಿ ಜಾಗ ಸರಿಯದಂತೆ ಹಿಡಿಯುವ ಡೋವೆಲ್ ಪಿನ್ ಬೇಕೇ ಬೇಕು. ಸೂಕ್ಷ್ಮ ಅಳತೆ ತೋರಿಸುವ ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಬೆಲ್ ಹೌಸಿಂಗಿನ ನಡುವಿನ ತೂತಿಗೆ ಮುಳ್ಳು ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಒಟ್ಟು ವ್ಯತ್ಯಾಸ 0.13 ಮಿ.ಮೀ. ದಾಟಬಾರದು ಅನ್ನುವುದು ರೂಢಿಯಲ್ಲಿರುವ ಮಿತಿ. ಗೇಜ್ ತೋರಿಸಿದ್ದರ ಅರ್ಧದಷ್ಟು ನಡು ಸರಿದಿರುತ್ತದೆ. ಗೇಜ್ ಇಲ್ಲದ ಗ್ಯಾರೇಜಾದರೆ ಲೇತ್‌ನವರನ್ನೇ ಕರೆಸಿ.

ಜಾರುವುದು, ನಡುಗುವುದು, ಕೂಗುವುದು

ಕ್ಲಚ್ ಜಾರುತ್ತಿದ್ದರೆ ಮೊದಲು ಪೆಡಲಿನ ಫ್ರೀ ಪ್ಲೇ, ಅಂದರೆ ಬೇರಿಂಗ್ ತಾಗುವ ಮುನ್ನ ಪೆಡಲ್ ಸಡಿಲವಾಗಿ ಚಲಿಸುವ ದೂರ ನೋಡಿ. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ 20ರಿಂದ 25 ಮಿ.ಮೀ. ಇರಬೇಕು. ಇಲ್ಲವೆಂದರೆ ನೀವು ಕಾಲಿಡದಿದ್ದರೂ ಬೇರಿಂಗ್ ಒತ್ತುತ್ತಲೇ ಇರುತ್ತದೆ. ಆಮೇಲೆ ಎಣ್ಣೆ. ಬೆಲ್ ಹೌಸಿಂಗ್ ತಳದ ತೂತಿನಿಂದ ತೊಟ್ಟಿಕ್ಕುವುದನ್ನು ಬೆರಳಿಗೆ ಹಚ್ಚಿ ಮೂಸಿ. ಗೇರ್ ಆಯಿಲ್ ಆದರೆ ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ, ಎಂಜಿನ್ ಆಯಿಲ್‌ಗೆ ಆ ವಾಸನೆ ಇಲ್ಲ. ಯಾವ ಸೀಲ್ ಹೋಗಿದೆ ಅಂತ ಅದರಿಂದಲೇ ತಿಳಿಯುತ್ತದೆ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವುದು ವ್ಯರ್ಥ, ಬದಲಿಸಿ. ಇವೆರಡೂ ಸರಿ ಇದ್ದರೆ ಫ್ಲೈವೀಲ್ ನೋಡಿ. ಲೇತ್‌ನಲ್ಲಿ ಉಜ್ಜುವ ಮುಖವನ್ನು ಮಾತ್ರ ಕೊರೆದು, ಪ್ರೆಶರ್ ಪ್ಲೇಟ್ ಕೂರುವ ಅಂಚನ್ನು ಅಷ್ಟೇ ಕೊರೆಯದೆ ಬಿಟ್ಟಿದ್ದರೆ ಒತ್ತಡ ಕಡಿಮೆಯಾಗುತ್ತದೆ.

ಹೊರಡುವಾಗ ಗಾಡಿ ನಡುಗಿದರೆ ಮೊದಲು ಎಂಜಿನ್ ಮೌಂಟಿಂಗ್ ನೋಡಿ, ಆಮೇಲೆ ಎಣ್ಣೆ, ಆಮೇಲೆ ಫ್ಲೈವೀಲ್. ಪೆಡಲ್ ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್ ಅಥವಾ ಪೈಲಟ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಸದ್ದು ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್.

ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಯಲ್ಲಿ ಮಾತ್ರ ಬೇರೆಯೇ ಕಾರಣ ಇರುತ್ತದೆ. ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡಿರುತ್ತದೆ. ಪೆಡಲನ್ನು ಪೂರ್ತಿ ಒತ್ತಿ, ಒಂದು ಮರದ ತುಂಡು ಕೊಟ್ಟು ಒಂದು ದಿನ ಹಾಗೇ ಬಿಡಿ. ಹಲವು ಸಲ ಅಷ್ಟಕ್ಕೇ ಬಿಡುತ್ತದೆ.

ಮತ್ತೆ ಕೂರಿಸುವಾಗ

ಶಾಫ್ಟಿನ ಹಲ್ಲಿಗೆ ಗ್ರೀಸ್ ತೆಳುವಾಗಿ ಸವರಿ, ಜಾಸ್ತಿಯಾದರೆ ಅದೇ ಹಾರಿ ಪ್ಲೇಟಿಗೆ ಬೀಳುತ್ತದೆ. ಪ್ಲೇಟನ್ನು ನಡುವಿಗೆ ಹಿಡಿಯಲು ಹಳೇ ಗೇರ್‌ಬಾಕ್ಸ್ ಶಾಫ್ಟ್ ಸಿಕ್ಕರೆ ಒಳ್ಳೆಯದು. ಗೇರ್‌ಬಾಕ್ಸಿನ ಭಾರವನ್ನು ಒಂದು ಕ್ಷಣವೂ ಪ್ಲೇಟಿನ ಮೇಲೆ ನೇತುಹಾಕಬೇಡಿ, ನಡುಭಾಗ ಬಾಗುತ್ತದೆ. ತಲೆ ಕತ್ತರಿಸಿದ ಎರಡು ಉದ್ದ ಬೋಲ್ಟುಗಳನ್ನು ದಾರಿಗೆ ಹಾಕಿ, ಕೆಳಗೆ ಜಾಕ್ ಕೊಟ್ಟು ಸರಿಸಿ. ಕೊನೆಯ ಅರ್ಧ ಇಂಚು ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಹಿಂದಕ್ಕೆ ತೆಗೆದು ಏನು ಅಡ್ಡ ಬಂತು ಅಂತ ನೋಡಿ.

ಹೊಸ ಪ್ಲೇಟ್ ಆದರೆ ಮೊದಲ ಕೆಲವು ನೂರು ಕಿಲೋಮೀಟರ್ ಊರೊಳಗೆ, ನಿಂತು ಹೊರಡುವ ಓಡಾಟದಲ್ಲಿ ಕಳೆಯಿರಿ. ಹೆದ್ದಾರಿಯಲ್ಲಿ ಒಂದೇ ಸಮ ಓಡಿಸಿದರೆ ಲೈನಿಂಗ್ ಹದಕ್ಕೆ ಬರುವುದಿಲ್ಲ. ಕೇಬಲ್ ಅಥವಾ ರಾಡ್ ಇರುವ ಗಾಡಿಯಲ್ಲಿ ಪ್ಲೇಟ್ ಸವೆದಂತೆ ಫ್ರೀ ಪ್ಲೇ ಕಡಿಮೆಯಾಗುತ್ತದೆ. ಅದನ್ನು ಮತ್ತೆ ಅಳೆದು ಸರಿಮಾಡಿ. ಆಮೇಲೆ ಖಾಲಿ ಗಾಡಿಯಲ್ಲಿ ಅರಬೈಲ್ ಘಟ್ಟಕ್ಕೆ ಹೋಗಿ. ಏರಿನಲ್ಲಿ ಮೂರನೇ ಗೇರಿನಲ್ಲಿದ್ದು ಆ್ಯಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿದಂತೆ ವೇಗವೂ ಏರಬೇಕು. ಸದ್ದು ಮಾತ್ರ ಏರಿದರೆ ಕಾಲು ತೆಗೆದು, ಜಾಗ ನೋಡಿ ಗಾಡಿ ತಿರುಗಿಸಿ. ಜನ ತುಂಬಿಕೊಂಡು ಹೊರಡುವುದು ಈ ಪರೀಕ್ಷೆ ಪಾಸಾದ ಮೇಲೆಯೇ ಇರಲಿ.