ಐಟಿ ರಿಟರ್ನ್ಸ್ ಇಲ್ಲದಿದ್ದರೂ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವುದು ಹೇಗೆ?

ಶಿಡ್ಲಘಟ್ಟದ ಕಡೆ ರೇಷ್ಮೆಗೂಡು ಬೆಳೆಯುವವರು, ಡೇರಿಗೆ ಹಾಲು ಹಾಕುವವರು, ರೀಲಿಂಗ್ ಕೂಲಿಗೆ ಹೋಗುವವರು ಐಟಿ ರಿಟರ್ನ್ಸ್ ಸಲ್ಲಿಸುವುದು ಅಪರೂಪ. ಆದರೆ ಮಗಳು ಡಿಗ್ರಿಗೆ ಸೇರಿದಾಗ ‘ನಮ್ಮ ಹತ್ರ ಆ ಪೇಪರ್ ಇಲ್ಲ’ ಎಂದು ಸುಮ್ನೆ ಕೂರಬೇಡಿ. ರಾಜ್ಯದ ಮೆಟ್ರಿಕ್ ನಂತರದ, ಅಂದರೆ ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಓದಿನ, ವಿದ್ಯಾರ್ಥಿವೇತನಕ್ಕೆ ಬೇಕಿರುವುದು ನಾಡಕಚೇರಿಯ ಆದಾಯ ಪ್ರಮಾಣಪತ್ರ.

ಮೊದಲು ಅದನ್ನು ಮಾಡಿಸಿ. ಆಧಾರ್, ರೇಷನ್ ಕಾರ್ಡ್ ಹಿಡಿದು ನಾಡಕಚೇರಿಗೋ ಗ್ರಾಮ ಒನ್ ಕೇಂದ್ರಕ್ಕೋ ಹೋಗಿ. ಮೀಸಲಾತಿ ಇರುವವರು ಜಾತಿ ಮತ್ತು ಆದಾಯ ಎರಡೂ ಇರುವ ಪ್ರಮಾಣಪತ್ರ ಕೇಳಿ. ಗೂಡು, ಹಾಲು, ಕೂಲಿ ಎಲ್ಲದರಿಂದ ಬರುವ ಹಣ ಕೂಡಿಸಿ ಆದಾಯ ಹೇಳಿ. ತೆರಿಗೆ ಇಲ್ಲದ ಆದಾಯವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೇಂದ್ರದ ಪೋಸ್ಟ್ ಮೆಟ್ರಿಕ್ ಯೋಜನೆಯಲ್ಲಿ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ಉಳಿದ ವರ್ಗಗಳ ಮಿತಿ ಬೇರೆ. ಪ್ರಮಾಣಪತ್ರದಲ್ಲಿ ಆರ್‌ಡಿ ಎಂದು ಶುರುವಾಗುವ ನಂಬರ್ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಅರ್ಜಿ ನಿಂತಿರುವುದೇ ಅದರ ಮೇಲೆ.

ಜಾಸ್ತಿ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಎನ್’, ಆಧಾರ್‌ನಲ್ಲಿ ‘ಕಾವ್ಯಶ್ರೀ’ ಎಂದಿದ್ದರೆ ತೊಡಕು ಖಂಡಿತ. ಪ್ರಮಾಣಪತ್ರಕ್ಕೆ ಕೊಡುವ ಮೊದಲೇ ಆಧಾರ್ ಸರಿಪಡಿಸಿಕೊಳ್ಳಿ. ಅಪ್ಪನ ಹೆಸರನ್ನೂ ಅಕ್ಷರ ಅಕ್ಷರ ನೋಡಿ.

ಆಮೇಲೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಲ್ಲರೂ ಎಸ್‌ಎಸ್‌ಪಿ ಅನ್ನುವ ಪೋರ್ಟಲ್‌ನಲ್ಲಿ, ವಿದ್ಯಾರ್ಥಿಯ ಆಧಾರ್‌ನಿಂದ ಖಾತೆ ತೆರೆಯಿರಿ. ಆರ್‌ಡಿ ನಂಬರ್, ಕಾಲೇಜು ವಿವರ ತುಂಬಿ. ದಾಖಲೆಗಳಿಗೆ ಇ-ದೃಢೀಕರಣ, ಅಂದರೆ ಅವು ಅಸಲಿ ಎಂಬ ಆನ್‌ಲೈನ್ ದೃಢೀಕರಣ, ಕೇಳಿದರೆ ಕಾಲೇಜಿನಲ್ಲಿ ಆ ಕೆಲಸಕ್ಕೆ ನೇಮಿಸಿದವರನ್ನು ಕಾಣಿ. ಕೊನೆಯ ದಿನ ಹತ್ತಿರವಾದಾಗ ಅಲ್ಲಿ ನೂಕುನುಗ್ಗಲು, ಬೇಗ ಹೋಗಿ.

ಇನ್ನು ದುಡ್ಡು. ಅದು ಬರುವುದು ಆಧಾರ್ ಜೋಡಣೆಯಾದ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ. ಪಾಸ್‌ಬುಕ್ ಇದೆ ಅಂದ ಮಾತ್ರಕ್ಕೆ ಸಾಲದು. ಬ್ಯಾಂಕಿಗೆ ಹೋಗಿ ‘ಎನ್‌ಪಿಸಿಐನಲ್ಲಿ ಆಧಾರ್ ಸೀಡಿಂಗ್ ಆಗಿದೆಯಾ’ ಎಂದು ನೇರವಾಗಿ ಕೇಳಿ. ಅಂದರೆ ಬ್ಯಾಂಕುಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಸಂಸ್ಥೆಯ ದಾಖಲೆಯಲ್ಲಿ ಆ ಖಾತೆ ಆಧಾರ್‌ಗೆ ಜೋಡಣೆಯಾಗಿದೆಯಾ ಎಂದು. ಎರಡು ಬ್ಯಾಂಕಿನಲ್ಲಿ ಖಾತೆಯಿದ್ದರೆ ಕೊನೆಗೆ ಜೋಡಿಸಿದ ಖಾತೆಗೇ ಹಣ ಹೋಗುತ್ತದೆ. ಅದನ್ನು ತಿಳಿಯದೆ ‘ದುಡ್ಡೇ ಬಂದಿಲ್ಲ’ ಎಂದುಕೊಂಡು ತಿಂಗಳುಗಟ್ಟಲೆ ಕಾಯುವ ಮಕ್ಕಳಿದ್ದಾರೆ. ಹಳೆಯ ಖಾತೆಯನ್ನೂ ಒಮ್ಮೆ ನೋಡಿ. ಅರ್ಜಿ ಎಲ್ಲಿಗೆ ಬಂತು ಎಂಬುದು ಅದೇ ಪೋರ್ಟಲ್‌ನಲ್ಲಿ ಕಾಣುತ್ತದೆ. ಅಲ್ಲಿ ತಿರಸ್ಕೃತ ಎಂದಿದ್ದರೆ ಕಾರಣದ ಪ್ರಿಂಟ್ ತೆಗೆದುಕೊಂಡು ನಿಮ್ಮ ವರ್ಗಕ್ಕೆ ವಿದ್ಯಾರ್ಥಿವೇತನ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ.