ತೀರಿಕೊಂಡವರ ಹಳೆಯ ಆದಾಯ ತೆರಿಗೆ ರಿಟರ್ನ್‌ಗಳನ್ನು ಪಡೆಯುವ ಕ್ರಮ: ಉತ್ತರ ಕನ್ನಡದ ಕುಟುಂಬಗಳಿಗಾಗಿ

ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಹಳೆಯ ಆದಾಯ ತೆರಿಗೆ ರಿಟರ್ನ್‌ಗಳನ್ನು ಹುಡುಕಬೇಕಾದ ಪ್ರಸಂಗ ಹೆಚ್ಚಿನವರಿಗೆ ಅನಿರೀಕ್ಷಿತವಾಗಿಯೇ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಅಪಘಾತದಲ್ಲಿ ಮೃತಪಟ್ಟವರ ಕುಟುಂಬವು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದಾಗ, ಮೃತರ ಆದಾಯವನ್ನು ತೋರಿಸಲು ಅವರು ಬದುಕಿದ್ದಾಗ ಸಲ್ಲಿಸಿದ ರಿಟರ್ನ್‌ಗಿಂತ ಗಟ್ಟಿಯಾದ ದಾಖಲೆ ಸಾಮಾನ್ಯವಾಗಿ ಇರುವುದಿಲ್ಲ. ಠೇವಣಿಯ ಬಡ್ಡಿಯಲ್ಲಿ ಮುರಿದ ತೆರಿಗೆಯ ರಿಫಂಡ್ ಬಾಕಿ ಉಳಿದಿದ್ದರೆ ಅಥವಾ ಹಳೆಯ ವರ್ಷವೊಂದರ ಬಗ್ಗೆ ಇಲಾಖೆಯ ನೋಟಿಸು ಬಂದರೆ ಕೂಡ ಅವು ಬೇಕಾಗುತ್ತವೆ. ನೋಟಿಸು ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಕಲಮಿನ ಪ್ರಕಾರ ಮೃತರ ತೆರಿಗೆಗೆ ವಾರಸುದಾರರು ಉತ್ತರಿಸಬೇಕಾದರೂ, ಅವರ ಹೊಣೆ ಮೃತರು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ಸೀಮಿತವಾಗಿದೆ. 2025ರ ಹೊಸ ಕಾಯ್ದೆಯ ಜಾರಿಯ ದಿನ 2026ರ ಏಪ್ರಿಲ್ 1 ಆಗಿರುವುದರಿಂದ, ಅದಕ್ಕೂ ಹಿಂದಿನ ವರ್ಷಗಳ ವ್ಯವಹಾರಕ್ಕೆ ಹಳೆಯ ಕಾಯ್ದೆಯೇ ಅನ್ವಯಿಸುತ್ತದೆ.

ಮೊದಲು ಹೋಗಬೇಕಾದದ್ದು ಕಚೇರಿಗಲ್ಲ, ಮೃತರ ಲೆಕ್ಕ ನೋಡಿಕೊಳ್ಳುತ್ತಿದ್ದ ಆಡಿಟರ ಬಳಿಗೆ. ರಿಟರ್ನ್ ಪ್ರತಿ, ಸ್ವೀಕೃತಿ ಪತ್ರ, ಲೆಕ್ಕದ ತಃಖ್ತೆ ಎಲ್ಲವೂ ಅವರ ಕಡತದಲ್ಲಿ ಸಿಗುವ ಸಂಭವ ಹೆಚ್ಚು. ಅಲ್ಲಿ ಸಿಕ್ಕರೆ ಮುಂದಿನ ಅರ್ಧ ಕೆಲಸ ತಪ್ಪುತ್ತದೆ. ಆದರೆ ಮೃತರ ಪಾಸ್‌ವರ್ಡ್ ಗೊತ್ತಿದೆಯೆಂದು ಅವರ ಖಾತೆಗೆ ನೇರವಾಗಿ ಲಾಗಿನ್ ಆಗಿ ಕೆಲಸ ಮುಗಿಸಿಕೊಳ್ಳುವುದು ಸರಿಯಾದ ಮಾರ್ಗವಲ್ಲ. ವಾರಸುದಾರರಿಗೆಂದೇ ಪ್ರತ್ಯೇಕ ವ್ಯವಸ್ಥೆ ಇರುವಾಗ ಮೃತರ ಹೆಸರಿನಲ್ಲಿ ವ್ಯವಹರಿಸಿದರೆ ಮುಂದೆ ಪಾಲುದಾರರ ನಡುವೆ ಜಗಳಕ್ಕೂ ಅದೇ ಕಾರಣವಾಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಗಾರ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು: ನೀವು ಹುಡುಕುತ್ತಿರುವ ರಿಟರ್ನ್ ಯಾರದ್ದು? ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿರುವುದರಿಂದ, ಅಡಿಕೆ ತೋಟದ ಉತ್ಪನ್ನವೊಂದನ್ನೇ ನಂಬಿದ್ದ ಹಿರಿಯರು ರಿಟರ್ನ್ ಸಲ್ಲಿಸಿಯೇ ಇಲ್ಲದಿರಬಹುದು. ಸಲ್ಲಿಸಿದ್ದರೂ ಅದು ಅವರ ಸ್ವಂತ ಹೆಸರಿನಲ್ಲಿರದೆ ಹಿಂದೂ ಅವಿಭಕ್ತ ಕುಟುಂಬದ ಹೆಸರಿನಲ್ಲಿದ್ದಿರಬಹುದು. ಇದನ್ನು ತಿಳಿಯಲು ಪ್ಯಾನ್ ಸಂಖ್ಯೆಯ ನಾಲ್ಕನೆಯ ಅಕ್ಷರ ನೋಡಿದರೆ ಸಾಕು. ವ್ಯಕ್ತಿಯದಾದರೆ ಅಲ್ಲಿ ‘ಪಿ’ ಇರುತ್ತದೆ, ಅವಿಭಕ್ತ ಕುಟುಂಬದ್ದಾದರೆ ‘ಎಚ್’ ಇರುತ್ತದೆ. ಕುಟುಂಬದ ಪ್ಯಾನ್ ಆಗಿದ್ದರೆ ಕರ್ತಾ, ಅಂದರೆ ಕುಟುಂಬದ ಯಜಮಾನ, ತೀರಿಕೊಂಡ ಮಾತ್ರಕ್ಕೆ ಕುಟುಂಬವೆಂಬ ಘಟಕ ಮುಗಿಯುವುದಿಲ್ಲವಾದ್ದರಿಂದ, ಕೆಳಗೆ ಹೇಳುವ ವಾರಸುದಾರರ ನೋಂದಣಿ ಅದಕ್ಕೆ ಅನ್ವಯಿಸುವುದಿಲ್ಲ. ಹೊಸ ಕರ್ತಾ ಯಾರೆಂದು ತೀರ್ಮಾನಿಸಿ ಆ ಖಾತೆಯ ವಿವರಗಳನ್ನು ಅವರ ಹೆಸರಿಗೆ ಬದಲಾಯಿಸಿಕೊಂಡರೆ ಹಳೆಯ ರಿಟರ್ನ್‌ಗಳು ಅದೇ ಖಾತೆಯಲ್ಲಿ ಕಾಣುತ್ತವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಬಂದಿರುವುದನ್ನು ಈ ಮಾತುಕತೆಯಲ್ಲಿ ಮನೆಯವರು ಮರೆಯದಿದ್ದರೆ ಒಳ್ಳೆಯದು. ಒಬ್ಬರೇ ಹಿರಿಯರಿಗೆ ಎರಡು ಬಗೆಯ ಪ್ಯಾನ್‌ಗಳೂ ಸಂಬಂಧಿಸಿರುವುದು ಅಪರೂಪವಲ್ಲವಾದ್ದರಿಂದ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸಿ.

ವ್ಯಕ್ತಿಯ ಪ್ಯಾನ್ ಆಗಿದ್ದರೆ ಬೇಕಾಗುವ ಕಾಗದಗಳು ಮುಖ್ಯವಾಗಿ ಮೂರು: ಮೃತರ ಪ್ಯಾನ್ ಕಾರ್ಡಿನ ಪ್ರತಿ, ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆ. ಮರಣದ ನೋಂದಣಿ ಆಗುವುದು ಸಾವು ಸಂಭವಿಸಿದ ಸ್ಥಳದಲ್ಲಿಯೇ ಹೊರತು ಮೃತರ ಊರಿನಲ್ಲಲ್ಲ. ದೊಡ್ಡ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಹೊರಗೆ ಓಡಬೇಕಾಗಿರುವುದರಿಂದ ಈ ನಿಯಮ ಇಲ್ಲಿಯವರಿಗೆ ವಿಶೇಷವಾಗಿ ತಟ್ಟುತ್ತದೆ. ಹೊನ್ನಾವರದವರೊಬ್ಬರು ಮಣಿಪಾಲದಲ್ಲಿ ತೀರಿಕೊಂಡಿದ್ದರೆ ಪ್ರಮಾಣಪತ್ರಕ್ಕೆ ಉಡುಪಿಯ ಕಡೆ ಹೋಗಬೇಕು. ಕಾರವಾರದವರು ಗೋವಾದಲ್ಲಿ ತೀರಿಕೊಂಡಿದ್ದರೆ ಗೋವಾದ ನೋಂದಣಿ ಕಚೇರಿಗೆ ಹೋಗಬೇಕು.

ವಾರಸುದಾರಿಕೆಗೆ ನ್ಯಾಯಾಲಯದ ಪ್ರಮಾಣಪತ್ರವೇ ಆಗಬೇಕೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಇಲಾಖೆಯು ಕಂದಾಯ ಅಧಿಕಾರಿಗಳು ಕೊಟ್ಟ ವಾರಸಾ ಪ್ರಮಾಣಪತ್ರವನ್ನು, ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ ಪತ್ರವನ್ನು, ನೋಂದಾಯಿತ ಉಯಿಲನ್ನು, ಸರ್ಕಾರ ಕೊಟ್ಟ ಕುಟುಂಬ ಪಿಂಚಣಿಯ ಪ್ರಮಾಣಪತ್ರವನ್ನು, ಹಾಗೂ ಮೃತರ ಖಾತೆಯ ನಾಮಿನಿ ಅಥವಾ ಜಂಟಿ ಖಾತೆದಾರರು ಯಾರೆಂದು ಬ್ಯಾಂಕು ತನ್ನ ಲೆಟರ್‌ಹೆಡ್ಡಿನಲ್ಲಿ ಮೊಹರು ಮತ್ತು ಸಹಿಯೊಂದಿಗೆ ಬರೆದುಕೊಟ್ಟ ಪತ್ರವನ್ನು ಸಹ ಒಪ್ಪುತ್ತದೆ. ನಿವೃತ್ತ ಶಿಕ್ಷಕರ ಪತ್ನಿಯ ಬಳಿ ಕುಟುಂಬ ಪಿಂಚಣಿಯ ಕಾಗದ ಈಗಾಗಲೇ ಇದ್ದರೆ ನಾಡಕಚೇರಿಗೆ ಅಲೆಯುವ ಅಗತ್ಯವೇ ಇಲ್ಲ. ಉಳಿದವರಿಗೆ ನಾಡಕಚೇರಿಯ ದಾರಿಯೇ ಸುಲಭ. ಅಲ್ಲಿ ಸಿಗುವ ಪ್ರಮಾಣಪತ್ರ ಕನ್ನಡದಲ್ಲಿದ್ದರೆ, ನೋಟರಿಯ ದೃಢೀಕರಣವಿರುವ ಇಂಗ್ಲಿಷ್ ಅಥವಾ ಹಿಂದಿ ಅನುವಾದವನ್ನು ಮೂಲದ ಜೊತೆಗೇ ಸೇರಿಸಿ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ.

ಕಾಗದಗಳ ಹೆಸರು ಒಂದಕ್ಕೊಂದು ಹೊಂದುತ್ತವೆಯೇ ಎಂದು ಈ ಹಂತದಲ್ಲೇ ನೋಡಿಕೊಳ್ಳಬೇಕು. ಪ್ಯಾನ್‌ನಲ್ಲಿ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇದ್ದು, ಮರಣ ಪತ್ರದಲ್ಲಿ ಎರಡೇ ಇರುವುದು ನಮ್ಮಲ್ಲಿ ಸಾಮಾನ್ಯ. ಹೆಗಡೆ ಎಂಬುದು ಹೆಗ್ಡೆಯಾಗಿರುವುದು, ಭಟ್ಟ ಎಂಬುದು ಭಟ್ ಆಗಿರುವುದು ಇನ್ನೂ ಸಾಮಾನ್ಯ. ವ್ಯತ್ಯಾಸ ದೊಡ್ಡದಾಗಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸಿಕೊಳ್ಳುವುದು ಕ್ಷೇಮ.

ಇನ್ನು ನೋಂದಣಿ. ವಾರಸುದಾರರು ತಮ್ಮದೇ ಪ್ಯಾನ್‌ನಿಂದ ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ, ‘ಆಥರೈಸ್ಡ್ ಪಾರ್ಟ್‌ನರ್ಸ್’ ಎಂಬಲ್ಲಿ ‘ರಿಜಿಸ್ಟರ್ ಆ್ಯಸ್ ರೆಪ್ರೆಸೆಂಟೇಟಿವ್’ ಆಯ್ಕೆ ಮಾಡಿ, ಹೊಸ ಕೋರಿಕೆಯಲ್ಲಿ ಮೃತರ ಕಾನೂನುಬದ್ಧ ವಾರಸುದಾರರ ವರ್ಗವನ್ನು ಗುರುತಿಸಿ ಕಾಗದಗಳನ್ನು ಏರಿಸಬೇಕು. ಮುಂದೆ ನಷ್ಟವಾದರೆ ತುಂಬಿಕೊಡುತ್ತೇವೆಂದು ಬರೆದುಕೊಡುವ ನಷ್ಟಭರ್ತಿ ಪತ್ರ (ಇಂಡೆಮ್ನಿಟಿ) ಕಡ್ಡಾಯವಲ್ಲ. ತೀರಿಕೊಂಡವರು ಚಿಕ್ಕಪ್ಪನಾಗಿದ್ದು, ಕೆಲಸ ನೋಡಿಕೊಳ್ಳುತ್ತಿರುವವರು ಅಣ್ಣನ ಮಗನಾಗಿದ್ದರೆ, ನೋಂದಣಿಯನ್ನು ಚಿಕ್ಕಮ್ಮನ ಅಥವಾ ಅವರ ಮಕ್ಕಳ ಹೆಸರಿನಲ್ಲಿಯೇ ಮಾಡಬೇಕು. ಅವರಿಗೆ ಪ್ಯಾನ್ ಇಲ್ಲದಿದ್ದರೆ ಆಧಾರ್ ಮೂಲಕ ಉಚಿತವಾಗಿ ಇ-ಪ್ಯಾನ್ ಪಡೆಯಬಹುದು. ಆದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಓಟಿಪಿಯ ಆಯುಷ್ಯ 15 ನಿಮಿಷ ಮಾತ್ರವಾಗಿರುವುದರಿಂದ, ಜೊಯಿಡಾದಂತಹ ನೆಟ್‌ವರ್ಕ್ ಸಿಗದ ಊರಿನವರು, ಅದರಲ್ಲೂ ಮಳೆಗಾಲದಲ್ಲಿ, ಪೇಟೆಗೆ ಬಂದು ಈ ಕೆಲಸ ಮಾಡುವುದು ಲೇಸು.

ಕೋರಿಕೆಯನ್ನು ಇಲಾಖೆ ಪರಿಶೀಲಿಸಿ ಒಪ್ಪಿದ ಮೇಲೆ ಇಮೇಲ್ ಮತ್ತು ಎಸ್ಎಂಎಸ್ ಬರುತ್ತದೆ. ಪರಿಶೀಲನೆಗೆ ಪೋರ್ಟಲ್ ಹೇಳುವ ಅವಧಿ 7 ದಿನ. ಅನಂತರ ನಿಮ್ಮ ಖಾತೆಯಿಂದಲೇ ಮೃತರ ಖಾತೆಗೆ ಬದಲಾಯಿಸಿಕೊಂಡು, ‘ವ್ಯೂ ಫೈಲ್ಡ್ ರಿಟರ್ನ್ಸ್’ ಎಂಬಲ್ಲಿ ವರ್ಷವಾರು ರಿಟರ್ನ್ ನಮೂನೆ, ಸ್ವೀಕೃತಿ ಪತ್ರ ಮತ್ತು ಇಲಾಖೆ ಕಳುಹಿಸಿದ ಇಂಟಿಮೇಷನ್ ಆದೇಶ ಮೂರನ್ನೂ ಇಳಿಸಿಕೊಳ್ಳಿ. ಮೂರೂ ಬೇಕು, ನಮೂನೆಯೊಂದೇ ಇದ್ದರೆ ಅದನ್ನು ಇಲಾಖೆ ಒಪ್ಪಿತೋ ತಿದ್ದಿತೋ ಎಂಬುದು ತಿಳಿಯುವುದಿಲ್ಲ. ಅಲ್ಲಿ ಕಾಣುವುದು ಕರನಿರ್ಧಾರಣಾ ವರ್ಷ ಎಂಬುದು ನೆನಪಿರಲಿ; 2018-19ರ ಗಳಿಕೆ 2019-20ರ ಹೆಸರಿನಲ್ಲಿರುತ್ತದೆ. ಇಂಟಿಮೇಷನ್ ಕಡತ ತೆರೆಯಲು ಮೃತರ ಪ್ಯಾನ್ ಸಣ್ಣಕ್ಷರದಲ್ಲಿಯೂ ಅದರ ಬೆನ್ನಿಗೆ ಅವರ ಜನ್ಮದಿನಾಂಕವೂ ಬೇಕು. ಬೇಕಾದದ್ದು ಪ್ಯಾನ್‌ನಲ್ಲಿರುವ ದಿನಾಂಕ, ಜಾತಕದಲ್ಲಿರುವುದಲ್ಲ. ಶಾಲೆಗೆ ಸೇರಿಸಿದ ಮಾಸ್ತರರು ಅಂದಾಜಿನಲ್ಲಿ ಬರೆದ ಜೂನ್ 1 ಎಷ್ಟೋ ಹಿರಿಯರ ದಾಖಲೆಗಳಲ್ಲಿ ಖಾಯಂ ಆಗಿದೆ.

ಪೋರ್ಟಲ್‌ನಲ್ಲಿ ಸಿಗುವುದು ವಿದ್ಯುನ್ಮಾನವಾಗಿ ಸಲ್ಲಿಸಿದ ರಿಟರ್ನ್ ಮಾತ್ರ. 5 ಲಕ್ಷ ರೂಪಾಯಿಗಿಂತ ಹೆಚ್ಚಿನ ಆದಾಯದವರಿಗೆ ಇ-ಫೈಲಿಂಗ್ ಕಡ್ಡಾಯವಾದದ್ದು 2013-14ರ ಕರನಿರ್ಧಾರಣಾ ವರ್ಷದಿಂದ. 80 ದಾಟಿದವರಿಗೆ ಸರಳ ನಮೂನೆಗಳನ್ನು ಕಾಗದದಲ್ಲಿ ಸಲ್ಲಿಸುವ ವಿನಾಯಿತಿ ಅನಂತರವೂ ಉಳಿಯಿತು. ಅಂತಹ ರಿಟರ್ನ್‌ಗಳಿಗೆ ಕರನಿರ್ಧಾರಣಾ ಅಧಿಕಾರಿಗೆ (ಎಒ), ವಾರಸುದಾರಿಕೆಯ ಕಾಗದಗಳನ್ನು ಲಗತ್ತಿಸಿ, ಯಾವ ಯಾವ ವರ್ಷದ ಪ್ರತಿ ಯಾವ ಕಾರಣಕ್ಕೆ ಬೇಕೆಂದು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಕಾರವಾರದಲ್ಲಿಯೂ ಶಿರಸಿಯಲ್ಲಿಯೂ ಆದಾಯ ತೆರಿಗೆ ಕಚೇರಿಗಳಿದ್ದರೂ, ಕಡತ ಎಲ್ಲಿದೆಯೆಂಬುದನ್ನು ನಿರ್ಧರಿಸುವುದು ಪ್ಯಾನ್‌ನ ವ್ಯಾಪ್ತಿ. ಮುಂಬಯಿಯಲ್ಲಿ ದುಡಿದು ಅಂಕೋಲೆಗೆ ಮರಳಿದವರ ಕಡತ ಮುಂಬಯಿಯಲ್ಲಿಯೇ ಉಳಿದಿರಬಹುದು. ಪೋರ್ಟಲ್‌ನ ಮುಖಪುಟದಲ್ಲಿ ‘ನೋ ಯುವರ್ ಎಒ’ ಎಂಬಲ್ಲಿ ಪ್ಯಾನ್ ಹಾಕಿ ಮೊದಲು ಅದನ್ನು ಖಚಿತಪಡಿಸಿಕೊಳ್ಳಿ. ಹಳೆಯ ರಿಟರ್ನ್ ಎಲ್ಲಿಯೂ ಸಿಗದಿದ್ದರೆ 26ಎಎಸ್ ತಃಖ್ತೆಯಾದರೂ ಕಡಿತವಾದ ತೆರಿಗೆಯ ಲೆಕ್ಕ ಕೊಡುತ್ತದೆ, ಆದರೆ ಅದು ರಿಟರ್ನ್‌ಗೆ ಸಮವಲ್ಲ.

ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಬೇಗ ಸಿಗುತ್ತದೆಂದು ಕೆಲವರು ಸಲಹೆ ಕೊಡುತ್ತಾರೆ. ಆದಾಯ ತೆರಿಗೆ ರಿಟರ್ನ್ ವೈಯಕ್ತಿಕ ಮಾಹಿತಿಯೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿರುವುದರಿಂದ ಆ ದಾರಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ತೀರಿಕೊಂಡವರ ಪ್ಯಾನ್ ಕೂಡಲೇ ಹಿಂತಿರುಗಿಸಬೇಕೆಂಬ ಒತ್ತಾಯಕ್ಕೆ ಮಣಿಯಬೇಡಿ. ಎಲ್ಲ ವರ್ಷಗಳ ಪ್ರತಿ ಕೈಸೇರಿ, ಮೃತರ ಕೊನೆಯ ವರ್ಷದ ರಿಟರ್ನ್ ಸಲ್ಲಿಕೆಯಾಗಿ, ರಿಫಂಡ್ ವಾರಸುದಾರರ ಖಾತೆಗೆ ಜಮೆಯಾದ ಮೇಲಷ್ಟೇ, ಮರಣ ಪತ್ರದ ಪ್ರತಿಯೊಂದಿಗೆ ಕರನಿರ್ಧಾರಣಾ ಅಧಿಕಾರಿಗೆ ಬರೆದು ಅದನ್ನು ರದ್ದುಪಡಿಸಿಕೊಂಡರೆ ಸಾಕು.