ಅಜ್ಜಿಯ ತಟ್ಟೆಗೆ ಕಾಳು ಬಡಿಸುವುದು ಹೇಗೆ?

ಮಂಡ್ಯದ ಕಡೆ ಹುರಳಿ ಬೇಯಿಸಿದ ದಿನ ಎಷ್ಟೋ ಮನೆಗಳಲ್ಲಿ ಇದನ್ನು ನೋಡಿದ್ದೇನೆ. ಕಟ್ಟು ಬಸಿದು ಮಾಡಿದ ಸಾರು, ಮುದ್ದೆ ಅಜ್ಜಿಗೆ. ಒಗ್ಗರಣೆ ಹಾಕಿದ ಕಾಳು ಮೊಮ್ಮಕ್ಕಳಿಗೆ. ಕೇಳಿದರೆ, ‘ಅವರಿಗೆ ಹಲ್ಲಿಲ್ಲ, ಸತ್ವವೆಲ್ಲ ಕಟ್ಟಿನಲ್ಲೇ ಇದೆಯಲ್ಲ’ ಎನ್ನುತ್ತಾರೆ. ತಪ್ಪು. ಪ್ರೋಟೀನಿನ ದೊಡ್ಡ ಪಾಲು ಉಳಿಯುವುದು ಕಾಳಿನಲ್ಲಿ. ಬರೀ ಸಾರು ಉಂಡ ಅಜ್ಜಿಯ ತೊಡೆ ಸೊರಗುತ್ತಾ ಹೋಗಿ, ಒಂದು ದಿನ ಗೋಡೆ ಹಿಡಿಯದೆ ಏಳಲಾಗುವುದಿಲ್ಲ.

ಮೊದಲು ಲೆಕ್ಕ. ವಯಸ್ಸಾದವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವವರಿಗೆ 55ರಿಂದ 66 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಇನ್ನು ಹುರಳಿ. ಎಲ್ಲರೂ ಎಡವುವುದು ಇಲ್ಲೇ. ಹುರಳಿಯಲ್ಲಿ ಕಲ್ಲು ಜಾಸ್ತಿ. ಮೊರದಲ್ಲಿ ಆರಿಸಿದರೆ ಸಾಲದು, ನೀರಿನಲ್ಲಿ ಜಾಲಿಸಲೇಬೇಕು. ಒಮ್ಮೆ ಕಲ್ಲು ಕಚ್ಚಿದ ಅಜ್ಜಿ ಮತ್ತೆ ಹುರಳಿ ಮುಟ್ಟುವುದಿಲ್ಲ. ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಮೊಳಕೆ ಇಣುಕಿದರೆ ಸಾಕು, ಉದ್ದ ಬೆಳೆಯಲು ಬಿಟ್ಟರೆ ಕಹಿ. ಕುಕ್ಕರಿನಲ್ಲಿ ಐದಾರು ಕೂಗು ಕೂಗಿಸಿ. ಬೆರಳಲ್ಲಿ ಹಿಸುಕಿದರೆ ಕಾಳು ಬೆಣ್ಣೆಯಂತೆ ಒಡೆಯಬೇಕು. ಒಡೆಯದಿದ್ದರೆ ಇನ್ನೆರಡು ಕೂಗು. ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಥಯಮಿನ್ ಎಂಬ ಬಿ1 ವಿಟಮಿನ್ ಹಾಳಾಗುತ್ತದೆ, ರುಚಿಯೂ ಕೆಡುತ್ತದೆ. ಬೆಂದ ಕಾಳನ್ನು ಮಸಾಲೆಗೆ ಒಂದು ಸೌಟು ಹಾಕಿ ರುಬ್ಬುವುದು ನಮ್ಮ ವಾಡಿಕೆ. ಅಜ್ಜಿಯ ಪಾಲಿನ ಕಾಳನ್ನಂತೂ ಪೂರ್ತಿ ರುಬ್ಬಿ ಅವರ ಸಾರಿಗೇ ಬೆರೆಸಿ. ಹಲ್ಲಿನ ನೆಪ ಅಲ್ಲಿಗೆ ಮುಗಿಯಿತು.

ಪ್ರೋಟೀನ್ ಆಗುವುದು ಅಮೈನೊ ಆಮ್ಲಗಳೆಂಬ ತುಣುಕುಗಳಿಂದ. ಅವುಗಳಲ್ಲಿ ಲೈಸಿನ್ ರಾಗಿಯಲ್ಲಿ ಕಡಿಮೆ, ಹುರಳಿಯಲ್ಲಿ ಧಾರಾಳ. ಹುರಳಿಗೆ ಕೊರತೆಯಾದ ಮೆಥಿಯೊನಿನ್ ಎಂಬ ಇನ್ನೊಂದು ತುಣುಕು ರಾಗಿಯಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 100 ಗ್ರಾಂ ಹಿಟ್ಟಿನ ಮುದ್ದೆಯಿಂದ ಸುಮಾರು 7 ಗ್ರಾಂ, 50 ಗ್ರಾಂ ಒಣ ಹುರಳಿಯಿಂದ 11, ಬಟ್ಟಲು ಮೊಸರಿನಿಂದ ನಾಲ್ಕೈದು ಗ್ರಾಂ ಪ್ರೋಟೀನ್ ಸಿಗುತ್ತದೆ. ಮೊಟ್ಟೆ ತಿನ್ನುವವರಾದರೆ ಇನ್ನೂ 6. ಮಧ್ಯಾಹ್ನದ ಊಟ ಗೆದ್ದಂತೆ.

ಸೋಲುವುದು ಬೆಳಗ್ಗೆ. ಎರಡು ಇಡ್ಲಿ, ನೀರು ಚಟ್ನಿ, ಕಾಫಿ ಎಂದರೆ ಐದಾರು ಗ್ರಾಂ. ವಯಸ್ಸಾದ ಸ್ನಾಯು ಸ್ವಲ್ಪ ಕಿವುಡು. ಒಂದೇ ಹೊತ್ತಿಗೆ 25ರಿಂದ 30 ಗ್ರಾಂ ಪ್ರೋಟೀನ್, ಅದರಲ್ಲಿ ಎರಡೂವರೆ ಗ್ರಾಮಿನಷ್ಟು ಲ್ಯೂಸಿನ್ ಎಂಬ ಅಮೈನೊ ಆಮ್ಲ ಸಿಕ್ಕರೆ ಚೆನ್ನಾಗಿ ಎಚ್ಚೆತ್ತುಕೊಳ್ಳುತ್ತದೆ. ಚಟ್ನಿಗೆ ಕಡಲೆಕಾಯಿ ಬೀಜ ಧಾರಾಳವಾಗಿರಲಿ, ಜೊತೆಗೆ ಒಂದು ದೊಡ್ಡ ಲೋಟ ಹಾಲು ಅಥವಾ ಎರಡು ಮೊಟ್ಟೆ.

ಮೈಸೂರಿನ ಔಷಧಿ ಅಂಗಡಿಗಳಲ್ಲಿ ಸಿಗುವ ಡಬ್ಬಿ ಪುಡಿಗಳ ಬಗ್ಗೆ ಒಂದು ಮಾತು. ಮುಂದಿನ ಚಿತ್ರ ಬಿಟ್ಟು ಹಿಂಬದಿಯ ಚೀಟಿ ಓದಿ. ಸಕ್ಕರೆಯೇ ಮೊದಲ ಹೆಸರಾಗಿದ್ದರೆ ಅಲ್ಲೇ ಇಟ್ಟು ಬನ್ನಿ. ಕೊಲಾಜೆನ್ (ಚರ್ಮ, ಮೂಳೆಗಳಲ್ಲಿರುವ ಪ್ರೋಟೀನ್) ಪುಡಿಯಲ್ಲಿ ಟ್ರಿಪ್ಟೊಫ್ಯಾನ್ ಇಲ್ಲ. ಅದು ಅಗತ್ಯ ಅಮೈನೊ ಆಮ್ಲ, ಅಂದರೆ ದೇಹ ತಾನೇ ತಯಾರಿಸಲಾಗದೆ ಊಟದಿಂದಲೇ ಪಡೆಯಬೇಕಾದದ್ದು. ಬಿಸಿಎಎ ಎಂಬ ಅಮೈನೊ ಆಮ್ಲದ ಪುಡಿಯಲ್ಲಿ ಒಂಬತ್ತು ಅಗತ್ಯ ಅಮೈನೊ ಆಮ್ಲಗಳ ಪೈಕಿ ಇರುವುದು ಮೂರೇ. ಉಳಿದ ಆರಿಲ್ಲದೆ ಸ್ನಾಯು ಕಟ್ಟಲಾಗದು. ಆ ದುಡ್ಡಿಗೆ ಹುರಳಿ ಕೊಳ್ಳಿ.

ಕೊನೆಯದು ಕುರ್ಚಿ. ಕೆಲಸ ಕೊಡದ ಸ್ನಾಯು ತಿಂದದ್ದನ್ನು ಅರ್ಧಂಬರ್ಧ ಬಳಸುತ್ತದೆ. ಕೈ ಊರದೆ ಹತ್ತು ಸಲ ಕೂತು ಏಳಬೇಕು, ಬೆಳಗ್ಗೆ, ಸಂಜೆ. ಮೊದಲ ವಾರ ಪಕ್ಕದಲ್ಲಿ ಯಾರಾದರೂ ನಿಂತಿರಿ. ಕುರ್ಚಿಯ ಬೆನ್ನು ಗೋಡೆಗೆ ತಾಗಿರಲಿ, ಮರದ್ದೇ ಇರಲಿ. ಪ್ಲಾಸ್ಟಿಕ್ ಕುರ್ಚಿ ಮೊಸಾಯಿಕ್ ನೆಲದ ಮೇಲೆ ಜಾರುತ್ತದೆ.